ಓದುಗರ ಪ್ರಶ್ನೆ: ತೇಲುವ ಮಡಿಯಲ್ಲಿ ತರಕಾರಿ

ಪ್ರಶ್ನೆ: ಬಾಂಗ್ಲಾದೇಶದಲ್ಲಿ ನೆರೆನೀರಿನ ಮೇಲೆಯೇ ತರಕಾರಿ ಬೆಳೆಯುತ್ತಾರಂತೆ. ಮಡಿ ಮುಳುಗುವುದಿಲ್ಲವೇ? ನಮ್ಮ ಕೆರೆಗಳಲ್ಲೂ ಮಾಡಬಹುದೇ?

ಉತ್ತರ: ಮಡಿಯನ್ನು ತೇಲಿಸುವುದು ಅಂತರಗಂಗೆ (ವಾಟರ್ ಹಯಸಿಂತ್) ಕಳೆಯ ಗಾಳಿ ತುಂಬಿದ ತೊಟ್ಟು. ಪಿರೋಜ್‌ಪುರ, ಗೋಪಾಲ್‌ಗಂಜ್ ಜಿಲ್ಲೆಗಳ ರೈತರು ಮಳೆಗಾಲದ ಶುರುವಿನಲ್ಲಿ ದಟ್ಟವಾಗಿ ಬೆಳೆದ ಕಳೆಯ ಮೇಲೆ ಬಿದಿರು ಗಳ ಹಾಕಿ ನಿಂತು, ಸುತ್ತಲಿನ ಗಿಡಗಳನ್ನು ಎಳೆದು ಒಟ್ಟಿ ತುಳಿಯುತ್ತಾರೆ. ದಪ್ಪ ಸುಮಾರು 1 ಮೀಟರ್. ಅಗಲ ಮಾತ್ರ ದೋಣಿಯಲ್ಲಿ ಕೂತವರ ಕೈಗೆಟಕುವಷ್ಟು. ಅಡಿಪದರಕ್ಕೆ ಬಲಿತ ಗಿಡವೇ ಬೇಕು, ಎಳೆಯದಾದರೆ ಬೇಗ ಕೊಳೆತು ಮಡಿ ಕುಸಿಯುತ್ತದೆ. ವಾರ, ಹತ್ತು ದಿನ ಬಿಟ್ಟು ಮೇಲೆ ಕೊಳೆತ ಕಳೆ ಹರಡಬೇಕು. ಹಸಿ ಕಳೆ ಕೊಳೆಯುವಾಗ ಕಾವೇರುವುದರಿಂದ ಅವಸರಪಟ್ಟರೆ ಸಸಿ ಬಾಡುತ್ತದೆ. ಸೋರೆ, ಕುಂಬಳದ ಬೀಜವನ್ನು ಕೊಳೆತ ಜಲಸಸ್ಯದ ಪುಟ್ಟ ಉಂಡೆಯಲ್ಲಿ ಮೊಳಕೆ ಬರಿಸಿ ಕೂರಿಸುತ್ತಾರೆ. ಹರಿವೆಯಂಥ ಸೊಪ್ಪನ್ನು ನೇರ ಬಿತ್ತಿದರಾಯಿತು. ನೀರಿಳಿದ ಮೇಲೆ ಮಡಿಯೇ ಚಳಿಗಾಲದ ಬೆಳೆಗೆ ಗೊಬ್ಬರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಈ ಪದ್ಧತಿಯನ್ನು ಜಾಗತಿಕ ಕೃಷಿ ಪರಂಪರೆಯೆಂದು ಗುರುತಿಸಿದೆ.

ದೊಡ್ಡ ಚಿಂತೆ ಉಪ್ಪಿನದು. ಸಮುದ್ರಮಟ್ಟ ಏರಿ ಉಪ್ಪುನೀರು ಒಳನುಗ್ಗಿದರೆ ಅಂತರಗಂಗೆಯೇ ಸಾಯುತ್ತದೆ, ಆಗ ಮಡಿಗೆ ಕಚ್ಚಾವಸ್ತುವೇ ಇಲ್ಲ.

ಕೊಳಚೆ ಸೇರುವ ನಮ್ಮ ನಗರದ ಕೆರೆಗಳಲ್ಲಿ ಖಂಡಿತ ಬೇಡ. ಈ ಕಳೆ ಸೀಸ, ಕ್ಯಾಡ್ಮಿಯಂ ಹೀರಿಕೊಳ್ಳುತ್ತದೆ. ಅದರ ಮೇಲೆ ಬೆಳೆದ ತರಕಾರಿಗೂ ಅವು ಸೇರಬಹುದು.