1956ರಲ್ಲಿ ಅಮೆರಿಕದ ಸಿಟ್ಟು ಗೊತ್ತಿದ್ದೂ ಈಜಿಪ್ಟ್ ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆ ಕೊಟ್ಟಿದ್ದು ಯಾಕೆ?

ಕಮ್ಯುನಿಸಂ ಮೇಲಿನ ಪ್ರೀತಿಯಿಂದಂತೂ ಅಲ್ಲ. ಈಜಿಪ್ಟಿನ ನಾಯಕ ನಾಸರ್ ತಮ್ಮ ದೇಶದ ಕಮ್ಯುನಿಸ್ಟರನ್ನು ಜೈಲಿಗೆ ಹಾಕಿಸುತ್ತಿದ್ದವರು! ಅವರಿಗೆ ಬೇಕಾಗಿದ್ದು ಎರಡು: ಹತ್ತಿ ಕೊಳ್ಳುವವರು, ಆಯುಧ ಕೊಡುವವರು.

ಈಜಿಪ್ಟ್ ಗಣರಾಜ್ಯವಾಗಿದ್ದು 1953ರಲ್ಲಿ. ಹೊರದೇಶದ ದುಡ್ಡು ಬರುತ್ತಿದ್ದುದು ಹೆಚ್ಚಾಗಿ ಹತ್ತಿಯಿಂದಲೇ. 1955ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದಲ್ಲಿ ನಡೆದ ಏಷ್ಯಾ-ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನಕ್ಕೆ ಹೋಗುವ ದಾರಿಯಲ್ಲಿ ನಾಸರ್ ಬರ್ಮಾದ ರಂಗೂನಿನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರನ್ನು ಭೇಟಿಯಾದರು. ಅದೇ ವರ್ಷ ವ್ಯಾಪಾರ ಒಪ್ಪಂದವೂ ಆಯಿತು. ಹತ್ತಿ ಚೀನಾಕ್ಕೆ ಹೋಗತೊಡಗಿತು.

ಆಯುಧದ ಲೆಕ್ಕಾಚಾರ ಇನ್ನೂ ಸ್ವಾರಸ್ಯದ್ದು. ಸೋವಿಯತ್ ಆಯುಧಗಳು ಚೆಕೊಸ್ಲೊವಾಕಿಯಾದ ಹೆಸರಲ್ಲಿ ಬರುತ್ತಿದ್ದವು. 1956ರ ವಸಂತದಲ್ಲಿ, ಮಧ್ಯಪ್ರಾಚ್ಯಕ್ಕೆ ಆಯುಧ ಮಾರಬಾರದು ಎಂದು ವಿಶ್ವಸಂಸ್ಥೆ ನಿಷೇಧ ಹೇರಿದರೆ ಮಾಸ್ಕೋ ಅದಕ್ಕೆ ಒಪ್ಪಬಹುದು ಎಂಬ ಸುಳಿವು ಸಿಕ್ಕಿತು. ಚೀನಾ ಆಗ ವಿಶ್ವಸಂಸ್ಥೆಯಲ್ಲೇ ಇರಲಿಲ್ಲ, ಆ ಸ್ಥಾನ ತೈವಾನ್ ಸರ್ಕಾರದ ಕೈಲಿತ್ತು. ಸದಸ್ಯನೇ ಅಲ್ಲದವನಿಗೆ ನಿಷೇಧದ ಹಂಗೇನು, ಅಲ್ವಾ? ಮೇ ತಿಂಗಳಲ್ಲಿ ಮಾನ್ಯತೆ ಕೊಟ್ಟಾಯಿತು. ಅರಬ್ ದೇಶಗಳಲ್ಲಿ, ಆಫ್ರಿಕಾದಲ್ಲೂ, ಇದೇ ಮೊದಲು.

ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್ ಕೆಂಡವಾದರು. ನೈಲ್ ನದಿಗೆ ಈಜಿಪ್ಟ್ ಕಟ್ಟಲು ಹೊರಟಿದ್ದ ಆಸ್ವಾನ್ ಅಣೆಕಟ್ಟಿಗೆ ಕೊಡುತ್ತೇವೆ ಎಂದಿದ್ದ ನೆರವು ಜುಲೈ 19ರಂದು ವಾಪಸ್. ಇದೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣ. ಒಂದೇ ವಾರದಲ್ಲಿ ನಾಸರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು.

ಹಾಗಂತ ಚೀನಾದ ಜೊತೆಗೂ ಎಲ್ಲ ಸುಸೂತ್ರವಾಗಿರಲಿಲ್ಲ. 1959ರಲ್ಲಿ ಸಿರಿಯಾದ ಕಮ್ಯುನಿಸ್ಟ್ ನಾಯಕ ಖಾಲಿದ್ ಬಕ್ದಾಶ್ ಬೀಜಿಂಗ್‌ನಲ್ಲೇ ನಾಸರ್ ವಿರುದ್ಧ ಭಾಷಣ ಮಾಡಿದಾಗ ಕೈರೋ ಜೋರಾಗಿಯೇ ಪ್ರತಿಭಟಿಸಿತು.