ಕೇಂದ್ರದೊಳಗಿನ ಮೊನೆ

ಅರಸೀಕೆರೆ ಕಡೆಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬರೆದಿದ್ದಾರೆ: "ವೃತ್ತ ಎಳೆಯುತ್ತಾ ಕೂತಿದ್ದ ಮೊಮ್ಮಗಳು, 'ತಾತ, ಕೇಂದ್ರ, ಸೆಂಟರ್ ಎರಡೂ ಒಂದೇ ಥರ ಕೇಳಿಸುತ್ತಲ್ಲ?' ಅಂದಳು. ಇಂಗ್ಲಿಷಿನವರು ನಮ್ಮ ಸಂಸ್ಕೃತದಿಂದ ತಗೊಂಡಿದ್ದು ಅಂದುಬಿಟ್ಟೆ. ಆಮೇಲೆ ಅನುಮಾನ ಶುರುವಾಯಿತು. ನಾನು ಹೇಳಿದ್ದು ಸರಿಯೇ? ಅಚ್ಚಗನ್ನಡದಲ್ಲಿ ಇದಕ್ಕೆ ಏನನ್ನಬೇಕು?"

ಮೇಷ್ಟ್ರೇ, ಮೊಮ್ಮಗಳ ಕಿವಿ ಚುರುಕಾಗಿದೆ. ನಿಮ್ಮ ಉತ್ತರವನ್ನು ಮಾತ್ರ ತಿದ್ದಬೇಕು. ಅವರು ನಮ್ಮಿಂದ ತಗೊಳ್ಳಲಿಲ್ಲ, ನಾವು ಅವರಿಂದಲೂ ತಗೊಳ್ಳಲಿಲ್ಲ. ಇಬ್ಬರಿಗೂ ಕೊಟ್ಟವರು ಗ್ರೀಕರು.

ಗ್ರೀಕಿನಲ್ಲಿ 'ಕೆಂಟ್ರಾನ್' ಅಂದರೆ ಚುಚ್ಚುವ ಮೊನೆ. ಎತ್ತನ್ನು ತಿವಿಯುವ ಕೋಲಿನ ಮೊನೆಯೂ ಅದೇ, ಜೇನುಹುಳದ ಕೊಂಡಿಯೂ ಅದೇ. ಕೈವಾರದ ಎರಡು ಕಾಲಲ್ಲಿ ಒಂದು ಊರಿ ನಿಲ್ಲುತ್ತದೆ, ಇನ್ನೊಂದು ಸುತ್ತುತ್ತದೆ. ಊರಿ ನಿಂತ ಮೊನೆಗೂ ಅದೇ ಹೆಸರಾಯಿತು, ಆಮೇಲೆ ಆ ಮೊನೆ ಚುಚ್ಚಿದ ಜಾಗಕ್ಕೂ. ಹಾಗಾಗಿ ಕೇಂದ್ರದ ಮೂಲಾರ್ಥ 'ನಡು' ಅಲ್ಲ, 'ಚುಚ್ಚಿದ ಜಾಗ'. ಇದು ನನಗೆ ಬಹಳ ಇಷ್ಟವಾದ ಸಂಗತಿ. ಮೊಮ್ಮಗಳ ನೋಟ್‌ಬುಕ್ಕಿನ ಹಾಳೆ ತಿರುಗಿಸಿದರೆ ಹಿಂದೆ ಸಣ್ಣ ತೂತು ಕಾಣುತ್ತದಲ್ಲ, ಆ ಪದ ಹುಟ್ಟಿದ್ದೇ ಅಲ್ಲಿ.

ಪಶ್ಚಿಮಕ್ಕೆ ಹೋದ ಪದ ಲ್ಯಾಟಿನ್‌ನಲ್ಲಿ 'ಕೆಂಟ್ರುಮ್' ಆಗಿ, ಫ್ರೆಂಚರ ಬಾಯಲ್ಲಿ 'ಕ' ಹೋಗಿ 'ಸ' ಬಂದು, ಇಂಗ್ಲಿಷಿಗೆ ಸೆಂಟರ್ ಆಗಿ ತಲುಪಿತು. ಗ್ರೀಕರ 'ಕ' ಉಳಿದಿರುವುದು ನಮ್ಮಲ್ಲಿ.

ನಮ್ಮ ಕಡೆಗೆ ಅದು ಬಂದದ್ದು ಜ್ಯೋತಿಷದ ಜೊತೆ. ಜಾತಕ ನೋಡುವವರು "ಗುರು ಕೇಂದ್ರದಲ್ಲಿದ್ದಾನೆ" ಅನ್ನುತ್ತಾರೆ. ಆದರೆ ಕುಂಡಲಿಯಲ್ಲಿ ಕೇಂದ್ರಗಳು ನಾಲ್ಕು: ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಮೂಡಣದಲ್ಲಿ ಉದಯಿಸುತ್ತಿದ್ದ ರಾಶಿಯ ಮನೆ, ಅಲ್ಲಿಂದ 4, 7, 10ನೇ ಮನೆ. ನಡು ಅನ್ನುವುದು ನಾಲ್ಕಿರಲು ಹೇಗೆ ಸಾಧ್ಯ? ಗ್ರೀಕ್ ಜ್ಯೋತಿಷಿಗಳು ಉದಯ, ನಡುನೆತ್ತಿ, ಅಸ್ತ, ನಡುನೆತ್ತಿಗೆ ನೇರ ಎದುರಾದ ಕೆಳಗಿನ ತುದಿ, ಈ ನಾಲ್ಕನ್ನೂ ಕೆಂಟ್ರಾನ್ ಎಂದೇ ಕರೆಯುತ್ತಿದ್ದರು. ಮೊನೆ ಎಂಬ ಹಳೆಯ ಅರ್ಥ ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಮದುವೆಯ ಮುಹೂರ್ತ ಇಡುವಾಗ ಕೇಳಿಬರುವ 'ಜಾಮಿತ್ರ', ಅಂದರೆ ಲಗ್ನಕ್ಕೆ ಎದುರಿನ ಏಳನೇ ಮನೆ, ಅದೂ ಗ್ರೀಕಿನ 'ಡಯಾಮೆಟ್ರಾಸ್'. ನೀವು ತರಗತಿಯಲ್ಲಿ ವ್ಯಾಸ ಎಂದು ಕಲಿಸಿದ ಡಯಾಮೀಟರ್ ಅದರ ಒಡಹುಟ್ಟು!

ಇದರಲ್ಲಿ ಅವಮಾನವೇನೂ ಇಲ್ಲ. 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲೇ, ಯವನರು, ಅಂದರೆ ಗ್ರೀಕರು, ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿದೆ, ಅವರಿಗೂ ಋಷಿಗಳಂತೆ ಪೂಜೆ ಸಲ್ಲುತ್ತದೆ ಎಂದಿದ್ದಾನೆ. ಹಾಗೆ ಬಾಯಿಬಿಟ್ಟು ಹೇಳಿದ ಅವನ ಮೇಲೆ ನನಗೆ ಗೌರವ ಹೆಚ್ಚು.

ಕೇಂದ್ರಕ್ಕೆ ಅರಬ್ಬಿಯವರು ಹೇಳುವ 'ಮರ್ಕಜ್' ಗ್ರೀಕಿನಿಂದ ಬಂದ ಪದವಲ್ಲ. ಅದರ ಬೇರಿಗೆ ಈಟಿಯನ್ನು ನೆಲಕ್ಕೆ ನೆಡುವ ಅರ್ಥವಿದೆ. ಪದ ಬೇರೆಯಾದರೂ ಕಣ್ಣಿಗೆ ಕಟ್ಟುವ ಚಿತ್ರ ಒಂದೇ.

ಇನ್ನು ಅಚ್ಚಗನ್ನಡ. 'ನಡು' ಇದೆ, 'ನಟ್ಟನಡು' ಇದೆ. ನನ್ನನ್ನು ಕೇಳಿದರೆ ನಾನು 'ಮೇಟಿ'ಯನ್ನೂ ಸೇರಿಸುತ್ತೇನೆ. ನಮ್ಮ ಸೀಮೆಯ ರಾಗಿ ಕಣದ ನಡುವೆ ನೆಟ್ಟ ಕಂಬ ಅದು, ಎತ್ತುಗಳು ಅದನ್ನೇ ಸುತ್ತುತ್ತಿದ್ದವು. ಊರಿ ನಿಂತದ್ದೊಂದು, ಸುತ್ತ ತಿರುಗುವುದೊಂದು: ಇಡೀ ಕಣವೇ ಒಂದು ಕೈವಾರ. ಹಾಗಂತ ಪರೀಕ್ಷಾ ಕೇಂದ್ರವನ್ನು ಪರೀಕ್ಷಾ ಮೇಟಿ ಮಾಡಿ ಎನ್ನುವುದಿಲ್ಲ. ಕೇಂದ್ರ ನಮ್ಮ ನಾಲಿಗೆಗೆ ಒಗ್ಗಿದೆ, ಇರಲಿ. ಆದರೆ ವೃತ್ತದ ಪಾಠ ಶುರುಮಾಡುವಾಗ ಮೇಟಿಯ ಮಾತೆತ್ತಿದರೆ ಕಣ ಕಂಡ ಮಕ್ಕಳಿಗೆ ಬೇರೆ ವಿವರಣೆ ಬೇಕಾಗದು.

ಎತ್ತು ತಿವಿಯಲು ತುದಿಗೆ ಮೊಳೆ ಹೊಡೆದ ಕೋಲಿಗೆ ನಿಮ್ಮೂರಲ್ಲಿ ಯಾವ ಹೆಸರಿತ್ತು, ಮೇಷ್ಟ್ರೇ? ಹಿರಿಯರನ್ನು ಕೇಳಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ, ಹಾಸನ