ಸಂಪಾದಕರ ಉತ್ತರ: ರಿಪೇರಿ ಮಾಡುವವನೇ ಹೀರೋ

ಕಳೆದ ಸಂಚಿಕೆಯಲ್ಲಿ ನಾವು 1980ರ ಅಮೆರಿಕನ್ ಕಾಮಿಡಿ ಸಿನಿಮಾ ‘ರೋಡಿ’ ಬಗ್ಗೆ ಬರೆದಿದ್ದೆವು. ರಾಕ್ ಬ್ಯಾಂಡುಗಳ ಜತೆ ಊರೂರು ಸುತ್ತಿ ಪೆಟ್ಟಿಗೆ ಹೊರುವ, ವೇದಿಕೆ ಕಟ್ಟುವ, ವೈರು ಜೋಡಿಸುವ ಕೆಲಸಗಾರರ ಕಥೆ ಅದು. ಅಂಥವರನ್ನೇ ಇಂಗ್ಲಿಷಿನಲ್ಲಿ ‘ರೋಡಿ’ ಎನ್ನುತ್ತಾರೆ. ಶಿವಮೊಗ್ಗದ ಓದುಗರೊಬ್ಬರು ಅದಕ್ಕೆ ಉದ್ದನೆಯ ತಕರಾರು ಬರೆದಿದ್ದಾರೆ. ದುಡಿಯುವವರ ಬದುಕನ್ನು ಈ ಸಿನಿಮಾ ಹುಡುಗಾಟ ಮಾಡಿದೆ, ನಾಯಕನನ್ನು ಪೆದ್ದನಂತೆ ತೋರಿಸಿದೆ, ಹೆಣ್ಣುಮಕ್ಕಳನ್ನು ಲಘುವಾಗಿ ಕಂಡಿದೆ ಎನ್ನುತ್ತಾರೆ ಅವರು. ನಮ್ಮ ಕಂಪನಿ ನಾಟಕಗಳ ಪರದೆ ಹಿಂದಿನವರ ಬಗ್ಗೆ ಬರೆಯಬಹುದಿತ್ತಲ್ಲ ಎಂದೂ ಕೇಳಿದ್ದಾರೆ.

ಪ್ರಿಯ ಓದುಗರೇ,

ನಿಮ್ಮ ಕಾಗದವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ನಿಮಗೆ ಸಿಟ್ಟು ಬಂದಿದೆ, ಆ ಸಿಟ್ಟು ದುಡಿಯುವವರ ಪರವಾಗಿ ಬಂದದ್ದು. ಅದಕ್ಕೇ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಸಿನಿಮಾ ನೋಡದವರಿಗಾಗಿ ಕಥೆ ಸ್ವಲ್ಪ ಹೇಳುತ್ತೇನೆ. ಟ್ರಾವಿಸ್ ರೆಡ್‌ಫಿಶ್ ಟೆಕ್ಸಸ್‌ನಲ್ಲಿ ಬಿಯರ್ ಲಾರಿ ಓಡಿಸುವವನು. ರಾಕ್ ಸಂಗೀತದ ಗಂಧಗಾಳಿ ಇಲ್ಲ. ಒಂದು ದಿನ ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಗಾಡಿ ಕಾಣುತ್ತದೆ. ಸಂಗೀತದವರ ಗಾಡಿ. ರಿಪೇರಿ ಮಾಡಿಕೊಡುತ್ತಾನೆ. ಅಲ್ಲಿದ್ದ ಲೋಲಾ ಎಂಬ ಹುಡುಗಿಯ ಮೋಹಕ್ಕೆ ಬಿದ್ದು ಅವರ ಜತೆಗೇ ಹೊರಟುಬಿಡುತ್ತಾನೆ. ಆಮೇಲೆ ಊರಿಂದೂರಿಗೆ ಓಡಾಟ, ಗಲಾಟೆ, ಹೊಡೆದಾಟ. ಕೊನೆಗೆ ಹಾರುವ ತಟ್ಟೆಯೊಂದು ಕೂಡ ಬರುತ್ತದೆ. ನಿರ್ದೇಶಕ ಅಲನ್ ರುಡಾಲ್ಫ್, ಅದಕ್ಕೂ ಮೊದಲು ಇನ್ನೊಬ್ಬ ಅಮೆರಿಕನ್ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಕೈಕೆಳಗೆ ಪಳಗಿದವರು. ಹತ್ತಾರು ಪಾತ್ರಗಳು ಒಂದೇ ಸಲ ಮಾತಾಡುತ್ತಾ ಮುನ್ನುಗ್ಗುವ ಈ ಗದ್ದಲ ಅಲ್ಲಿಂದ ಬಂದದ್ದು ಅನ್ನಿಸುತ್ತದೆ. ಕಥೆಗೆ ಹಿಡಿತ ಇಲ್ಲ ಎಂದು ನೀವು ಬರೆದಿದ್ದೀರಿ. ನಿಜ, ಇಲ್ಲ. ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ.

ಆದರೆ ಟ್ರಾವಿಸ್ ಪೆದ್ದ ಎಂಬ ಮಾತನ್ನು ನಾನು ಒಪ್ಪಲಾರೆ.

ಆ ಸಿನಿಮಾದಲ್ಲಿ ಯಾರು ಯಾರು ಇದ್ದಾರೆ ನೋಡಿ. ರಾಕ್ ಗಾಯಕ ಆಲಿಸ್ ಕೂಪರ್ ಇದ್ದಾರೆ, ಬ್ಲಾಂಡಿ ತಂಡ ಇದೆ, ರಾಯ್ ಆರ್ಬಿಸನ್, ಹ್ಯಾಂಕ್ ವಿಲಿಯಮ್ಸ್ ಜೂನಿಯರ್ ಇದ್ದಾರೆ. ಎಲ್ಲರೂ ನಿಜವಾದ ಹಾಡುಗಾರರು, ತಾವು ತಾವಾಗಿಯೇ ಬರುತ್ತಾರೆ. ಟ್ರಾವಿಸ್ ಪಾತ್ರ ಮಾಡಿದ ಮೀಟ್ ಲೋಫ್ ಕೂಡ ಸಾಮಾನ್ಯ ಹಾಡುಗಾರನಲ್ಲ. ಡಲ್ಲಾಸ್‌ನಲ್ಲಿ ಹುಟ್ಟಿದವರು. 1977ರಲ್ಲಿ ಬಂದ ಅವರ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಗಿತ್ತು. ಅಷ್ಟು ಹೆಸರಿದ್ದವರನ್ನು ಇಲ್ಲಿ ಮೈಕಿನ ಮುಂದೆ ನಿಲ್ಲಿಸದೆ ಪೆಟ್ಟಿಗೆ ಹೊರಲು ಹಚ್ಚಿದ್ದಾರೆ. ಕರೆಂಟು ಕೈಕೊಟ್ಟಾಗ ಟ್ರಾವಿಸ್ ಸಗಣಿ ಮತ್ತು ಬಿಸಿಲಿನಿಂದ ವಿದ್ಯುತ್ ಮಾಡಿ ಬ್ಲಾಂಡಿಯ ಶೋ ನಡೆಸುತ್ತಾನೆ. ಗೋಬರ್ ಗ್ಯಾಸ್ ಗುಂಡಿ ನೋಡಿ ಬೆಳೆದ ನಮಗೆ ಇದು ಪೂರ್ತಿ ಸುಳ್ಳು ಅನ್ನಿಸುವುದೂ ಇಲ್ಲ, ಅಲ್ವಾ? ಅವನು ಹಿತ್ತಲಲ್ಲಿ ಬಿದ್ದಿದ್ದ ಸಾಮಾನಿನಿಂದ ಕೆಲಸ ಕಲಿತವನು. ಮಾತಿನಲ್ಲಿ ಸೋಲುತ್ತಾನೆ, ತಲೆಗೆ ಪೆಟ್ಟು ಬಿದ್ದಾಗ ಏನೇನೋ ಬಡಬಡಿಸುತ್ತಾನೆ. ಆದರೆ ಅವನು ಕೈಯಿಟ್ಟ ಯಂತ್ರ ಓಡುತ್ತದೆ. ಅಷ್ಟೂ ಸ್ಟಾರ್‌ಗಳು ಅವನು ಬರುವವರೆಗೆ ಸುಮ್ನೆ ಕಾಯುತ್ತಾರೆ. ಹಾಡುವವರೆಲ್ಲ ಅತಿಥಿಗಳು, ರಿಪೇರಿ ಮಾಡುವವನು ಹೀರೋ. ಈ ಅದಲುಬದಲು ಮಾಡಿದ ಸಿನಿಮಾಗಳು ಎಷ್ಟಿವೆ ಹೇಳಿ. ನಾವು ಅದರ ಬಗ್ಗೆ ಬರೆದದ್ದು ಇದೇ ಕಾರಣಕ್ಕೆ.

ಈ ಕೆಲಸ ನಿಜಕ್ಕೂ ಹೇಗಿರುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಆಗ ಕಾಮಿಡಿ ಯಾಕೆ ಹೊಂದುತ್ತದೆ ಎಂದು ಗೊತ್ತಾಗುತ್ತದೆ.

ಬೆಳಗ್ಗೆ ಖಾಲಿ ಹಾಲಿಗೆ ಮೊದಲು ಬರುವವರು ರಿಗ್ಗರ್‌ಗಳು, ಅಂದರೆ ಚಾವಣಿಯಿಂದ ಭಾರ ತೂಗುಹಾಕುವವರು. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಾರೆ. ಯಾವ ತೊಲೆಯಿಂದ ಯಾವ ಸರಪಳಿ ಇಳಿಯಬೇಕು, ಅದರ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವ ಲೆಕ್ಕ ಅದು. ಟ್ರಸ್ ಎಂಬ ಲೋಹದ ಚೌಕಟ್ಟನ್ನು ನೆಲದಲ್ಲೇ ಜೋಡಿಸಿ, ಲೈಟುಗಳನ್ನು ಸೊಂಟದೆತ್ತರದಲ್ಲಿ ಕಟ್ಟಿ, ಆಮೇಲೆ ಮೋಟಾರಿನಿಂದ ಮೇಲೆತ್ತುತ್ತಾರೆ. ನಂತರ ಸ್ಪೀಕರ್‌ಗಳು, ಆಮೇಲೆ ಡ್ರಮ್ಸು, ಆಂಪ್ಲಿಫೈಯರು. ಮಧ್ಯಾಹ್ನ ಸೌಂಡ್ ಚೆಕ್. ಶೋ ಮುಗಿದ ಕೂಡಲೇ ಎಲ್ಲವೂ ತಿರುಗಾ ಮುರುಗಾ. ಪೆಟ್ಟಿಗೆಗಳು ಲಾರಿಗೆ ಹೋಗುವುದಕ್ಕೂ ಒಂದು ಕ್ರಮವಿದೆ. ನಾಳೆ ಮೊದಲು ಬೇಕಾದದ್ದು ಇವತ್ತು ಕೊನೆಗೆ ಏರಬೇಕು.

ಕೇಬಲ್ ಸುತ್ತುವುದನ್ನು ನೋಡಿ. ಸುಮ್ಮನೆ ಮೊಣಕೈಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಹಾಳಾಗುತ್ತದೆ. ಅದಕ್ಕೆ ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಕೆಳಗಿನಿಂದ ಹಾಕುತ್ತಾರೆ. ಮರುದಿನ ಒಂದು ತುದಿ ಹಿಡಿದು ಎಸೆದರೆ ಗಂಟಿಲ್ಲದೆ ನೇರ ಬಿಚ್ಚಿಕೊಳ್ಳಬೇಕು. ಹೊಸ ಹುಡುಗನಿಗೆ ಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದು. ಗಿಟಾರ್ ನೋಡಿಕೊಳ್ಳುವವನು ವೇದಿಕೆಯ ಪಕ್ಕದ ಕತ್ತಲಲ್ಲಿ ಪುಟ್ಟ ಟಾರ್ಚ್ ಹಿಡಿದು, ಆ ಗದ್ದಲದ ನಡುವೆಯೇ ಮುಂದಿನ ಹಾಡಿನ ಗಿಟಾರಿಗೆ ಶ್ರುತಿ ಮಾಡುತ್ತಿರುತ್ತಾನೆ. ಕಪ್ಪು ಬಟ್ಟೆ ಹಾಕಿರುತ್ತಾನೆ, ಯಾರ ಕಣ್ಣಿಗೂ ಬೀಳಬಾರದು ಅಂತ.

ಇಲ್ಲಿ ಒಂದು ಸಣ್ಣ ತಪ್ಪಿನಿಂದ ಜೀವ ಹೋಗಬಹುದು. ಹಾಗೆಯೇ ಇಲ್ಲಿ ನಡೆಯುವ ಸಂಗತಿಗಳನ್ನು ಕೇಳಿದರೆ ನಗು ತಡೆಯಲಾಗುವುದಿಲ್ಲ. ವ್ಯಾನ್ ಹೇಲನ್ ತಂಡದ ಮಿಠಾಯಿ ಕಥೆ ನಿಮಗೆ ಗೊತ್ತಿರಬಹುದು. ಅವರ 1982ರ ಪ್ರವಾಸದ ಒಪ್ಪಂದದಲ್ಲಿ ಒಂದು ಷರತ್ತಿತ್ತು. ಮೇಕಪ್ ರೂಮಿನಲ್ಲಿ ಎಂ ಅಂಡ್ ಎಂ ಮಿಠಾಯಿ ಇಡಬೇಕು, ಆದರೆ ಕಂದು ಬಣ್ಣದ್ದು ಒಂದೂ ಇರಕೂಡದು. ಸ್ಟಾರ್‌ಗಳ ಕೊಬ್ಬು ಎಂದು ಜನ ಮಾತಾಡಿಕೊಂಡರು. ಹಾಡುಗಾರ ಡೇವಿಡ್ ಲೀ ರಾತ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಅದರ ಒಳಗುಟ್ಟು ಹೇಳಿದರು. ಒಪ್ಪಂದದ ತುಂಬ ತೂಕ, ಕರೆಂಟು, ನೆಲದ ಬಲದ ಲೆಕ್ಕ ಇರುತ್ತಿತ್ತು. ಬೋಗುಣಿಯಲ್ಲಿ ಕಂದು ಮಿಠಾಯಿ ಕಂಡರೆ ಸ್ಥಳೀಯರು ಅದನ್ನು ಓದಿಲ್ಲ ಎಂದೇ ಅರ್ಥ. ಆಗ ಪ್ರತಿಯೊಂದನ್ನೂ ಮತ್ತೆ ಪರೀಕ್ಷೆ ಮಾಡಬೇಕು. ಕೊಲರಾಡೋದ ಪ್ಯೂಬ್ಲೋದಲ್ಲಿ ಹಾಗೆ ಓದದೇ ಬಿಟ್ಟಿದ್ದರಿಂದ ವೇದಿಕೆಯ ಭಾರಕ್ಕೆ ನೆಲವೇ ಕುಸಿಯಿತು ಎಂದು ಅವರು ಬರೆದಿದ್ದಾರೆ. ಕುಳಿತು ಮಿಠಾಯಿ ಆರಿಸುವುದು ತಮಾಷೆ. ತಲೆಯ ಮೇಲೆ ಟನ್‌ಗಟ್ಟಲೆ ಕಬ್ಬಿಣ ತೂಗುವುದು ತಮಾಷೆಯಲ್ಲ. ಎರಡೂ ಒಂದೇ ಕಾಗದದಲ್ಲಿತ್ತು.

ಗ್ರೇಟ್‌ಫುಲ್ ಡೆಡ್ ತಂಡದ್ದು ಇನ್ನೂ ಜಾಸ್ತಿ. 1974ರಲ್ಲಿ ಅವರು ‘ವಾಲ್ ಆಫ್ ಸೌಂಡ್’ ಎಂಬ ಧ್ವನಿ ವ್ಯವಸ್ಥೆ ಕಟ್ಟಿಸಿದರು. ಹೆಚ್ಚುಕಡಿಮೆ 600 ಸ್ಪೀಕರ್, ಸುಮಾರು 75 ಟನ್ ತೂಕ. ಒಂದು ಊರಿನಲ್ಲಿ ಶೋ ನಡೆಯುವಾಗಲೇ ಇನ್ನೊಂದು ವೇದಿಕೆ ಮುಂದಿನ ಊರಿಗೆ ಹೊರಡಬೇಕಿತ್ತು. ಕೇಳಿದವರು ಅಂಥ ಸ್ವಚ್ಛ ಧ್ವನಿ ಎಲ್ಲೂ ಕೇಳಿರಲಿಲ್ಲ ಎಂದರು. ಆದರೆ ಅದನ್ನು ಹೊತ್ತು ತಿರುಗಿ ತಂಡವೇ ಸುಸ್ತಾಯಿತು. ಅದೇ ವರ್ಷ ಪ್ರವಾಸ ನಿಲ್ಲಿಸಿ ಬಿಡುವು ತೆಗೆದುಕೊಂಡರು. ಇಂಥ ಲೋಕದ ಬಗ್ಗೆ ಗಂಭೀರ ಸಾಕ್ಷ್ಯಚಿತ್ರ ಮಾಡಬಹುದು, ಮಾಡಲಿ. ಆದರೆ ಸಗಣಿಯಿಂದ ಕರೆಂಟು ತೆಗೆಯುವ ದೃಶ್ಯ ಈ ಲೋಕಕ್ಕೆ ದೂರದ್ದೇನಲ್ಲ. ರಾತ್ರಿ ಎಂಟಕ್ಕೆ ಶೋ ಇದೆ. ಏನು ಸಿಗುತ್ತದೋ ಅದರಲ್ಲೇ ನಡೆಸಬೇಕು. ಆ ಅವಸರವನ್ನು ‘ರೋಡಿ’ ಸರಿಯಾಗಿ ಹಿಡಿದಿದೆ.

ಇದು ನಮಗೆ ದೂರದ ಮಾತೂ ಅಲ್ಲ. ಐರನ್ ಮೇಡನ್ ತಂಡ 2008ರ ಪ್ರವಾಸವನ್ನು ಮುಂಬೈಯಿಂದ ಶುರುಮಾಡಿತು. ಸಾಮಾನು, ಕೆಲಸಗಾರರು, ತಂಡ, ಎಲ್ಲ ಒಂದೇ ಬೋಯಿಂಗ್ 757 ವಿಮಾನದಲ್ಲಿ. ಅದನ್ನು ಓಡಿಸಿದ್ದು ಹಾಡುಗಾರ ಬ್ರೂಸ್ ಡಿಕಿನ್ಸನ್. ಅದೇ ತಂಡ 2007ರಲ್ಲೂ 2009ರಲ್ಲೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ತಂಡ ಬಂದಾಗ ಗುರುಗ್ರಾಮದ ಶೋ ಸುರಕ್ಷತೆಯ ತೊಡಕಿನಿಂದ ರದ್ದಾಯಿತು. ಎರಡು ದಿನ ಬಿಟ್ಟು ಬೆಂಗಳೂರಿನ ಶೋ ನಡೆಯಿತು. ಅವತ್ತು ಮಳೆಯಲ್ಲಿ ಕೆಸರು ತುಳಿದು ನಿಂತವರು ತಂಡವನ್ನು ನೆನೆಯುತ್ತಾರೆ. ಬೇಲಿ ಕಟ್ಟಿ, ವೇದಿಕೆ ನಿಲ್ಲಿಸಿ, ಮಳೆಯಲ್ಲಿ ಕರೆಂಟು ಕಾದವರನ್ನೂ ನೆನೆಯಲಿ ಅನ್ನುವುದು ನನ್ನ ಆಸೆ.

ಹೆಣ್ಣುಮಕ್ಕಳ ವಿಚಾರದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಲೋಲಾಗೆ ಹದಿನಾರು ವರ್ಷ. ಅವಳಿಗೆ ಪ್ರವಾಸದ ಒಳಹೊರಗೆಲ್ಲ ಗೊತ್ತು, ಟ್ರಾವಿಸ್‌ಗಿಂತ ಚುರುಕು. ಆದರೆ ಸಿನಿಮಾ ಅವಳಿಗೆ ಕೊಟ್ಟ ಆಸೆ ಒಂದೇ, ಆಲಿಸ್ ಕೂಪರ್ ಸಂಗ. ಅಷ್ಟು ಚಿಕ್ಕ ಹುಡುಗಿಯ ಮೇಲೆ ಇಂಥ ಜೋಕು ಮಾಡುವುದು ಆಗಲೂ ತಪ್ಪು, ಈಗಲೂ ತಪ್ಪು. ಸಿನಿಮಾ ಬರುವ ಆರು ವರ್ಷ ಮೊದಲೇ, 1974ರಲ್ಲಿ, ಆಸ್ಟ್ರೇಲಿಯಾದ ಟಾನಾ ಡಗ್ಲಸ್ ಹದಿಹರೆಯದಲ್ಲಿ ಎಸಿ/ಡಿಸಿ ತಂಡದ ಕೆಲಸಕ್ಕೆ ಸೇರಿದ್ದರು. ರಾಕ್ ಲೋಕದ ಮೊದಲ ಮಹಿಳಾ ರೋಡಿ ಎಂದೇ ಅವರನ್ನು ಕರೆಯುತ್ತಾರೆ. ಲೋಲಾಗೂ ಹೆಚ್ಚುಕಡಿಮೆ ಅವರ ಆಗಿನ ವಯಸ್ಸೇ. ಅವಳ ಕೈಗೂ ಒಂದು ಸ್ಪ್ಯಾನರ್ ಕೊಟ್ಟಿದ್ದರೆ ಸಿನಿಮಾ ಇನ್ನಷ್ಟು ನಗಿಸುತ್ತಿತ್ತು, ನಿಜಕ್ಕೂ ಹತ್ತಿರವಾಗುತ್ತಿತ್ತು.

ಇನ್ನು ಕಂಪನಿ ನಾಟಕ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬರುತ್ತಿದ್ದವು. ಆ ನಾಟಕದ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಆದರೆ ಆನೆಯನ್ನು ಪರದೆಯ ಹಿಂದೆ ಗಲಾಟೆ ಮಾಡದಂತೆ ನಿಲ್ಲಿಸಿದವರು ಯಾರು, ಅದರ ಭಾರ ತಡೆಯುವಂತೆ ಹಲಗೆ ಹಾಕಿದವರು ಯಾರು, ಕ್ಯಾಂಪ್ ಮುಗಿದ ಮೇಲೆ ಇಡೀ ಹಸ್ತಿನಾವತಿಯನ್ನು ಬಿಚ್ಚಿ ಮುಂದಿನ ಊರಿಗೆ ಸಾಗಿಸಿದವರು ಯಾರು? ನಿಮ್ಮ ಹಾಗೆ ನನಗೂ ಇದನ್ನು ಓದುವ ಆಸೆಯಿದೆ. ಆ ಕೆಲಸ ಮಾಡಿದವರು, ಅವರ ಮಕ್ಕಳು, ಯಕ್ಷಗಾನದ ಟೆಂಟು ಮೇಳಗಳಲ್ಲಿ ರಂಗಸ್ಥಳ ಕಟ್ಟಿದವರು ಈ ಪುಟ ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಬರೆಯಲು ಬಾರದಿದ್ದರೆ ಯಾರಿಂದಾದರೂ ಬರೆಸಿ ಕಳಿಸಿ. ಹಗ್ಗ ಎಷ್ಟು ದಪ್ಪ ಇತ್ತು, ಪರದೆ ಎಳೆಯಲು ಎಷ್ಟು ಜನ ಬೇಕಿತ್ತು, ಮಳೆ ಬಂದ ರಾತ್ರಿ ಏನು ಮಾಡುತ್ತಿದ್ದಿರಿ, ಊಟ ಎಷ್ಟು ಹೊತ್ತಿಗೆ ಸಿಗುತ್ತಿತ್ತು, ಎಲ್ಲವೂ ಬೇಕು. ನಗು ಬರುವ ಸಂಗತಿಗಳಿದ್ದರೆ ಅವನ್ನು ಮೊದಲು ಬರೆಯಿರಿ. ಮುಂದಿನ ಸಂಚಿಕೆಯಿಂದ ಎರಡು ಪುಟ ಇದಕ್ಕೇ ಮೀಸಲು.